ಅಜ್ಜನ ಪಾಪ ಮೊಮ್ಮಗನ ತಲೆಗೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಕಷ್ಟದ ಮೇಲೆ ಕಷ್ಟ. ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ವಿಮೋಚನಕಾಂಡ 34:7 ಓದಿ, ‘ನಿಮ್ಮ ಅಜ್ಜ ಮಾಡಿದ್ದನ್ನು ನೀವು ಉಣ್ಣುತ್ತಿದ್ದೀರಿ’ ಎಂದರು. ಇನ್ನೊಬ್ಬರು, ‘ಅದೆಲ್ಲ ಹಳೆಯ ಒಡಂಬಡಿಕೆ, ಯೇಸು ಬಂದ ಮೇಲೆ ಬರೀ ಕ್ಷಮೆ’ ಎಂದರು. ಯಾರ ಮಾತು ಸರಿ?
– ಓದುಗರು, ಬದಿಯಡ್ಕ

ಉತ್ತರ: ಇಬ್ಬರೂ ಅರ್ಧ ಓದಿ ನಿಲ್ಲಿಸಿದ್ದಾರೆ.

ದೇವರು ಪಾಪವನ್ನು ಕ್ಷಮಿಸುವವನು, ಆದರೂ ತಂದೆಗಳ ದೋಷಕ್ಕಾಗಿ ಮಕ್ಕಳು ಮೊಮ್ಮಕ್ಕಳನ್ನೂ ದಂಡಿಸುವವನು ಎನ್ನುವ ಆ ವಚನವನ್ನು ಒಂಟಿಯಾಗಿ ಕಿತ್ತು ಓದಬಾರದು. 32ನೇ ಅಧ್ಯಾಯದಲ್ಲಿ ಇಸ್ರಾಯೇಲ್ ಜನ ಚಿನ್ನದ ಕರುವನ್ನು ಪೂಜಿಸುತ್ತಾರೆ, ಅವರ ನಾಯಕ ಮೋಶೆ ದೇವರ ಆಜ್ಞೆ ಬರೆದ ಕಲ್ಲಿನ ಹಲಗೆಗಳನ್ನು ಒಡೆಯುತ್ತಾನೆ. 34ರಲ್ಲಿ ಹೊಸ ಹಲಗೆ ಸಿದ್ಧವಾಗುವಾಗ ಈ ಮಾತು ಬರುತ್ತದೆ. ಮುರಿದ ಸಂಬಂಧ ಮತ್ತೆ ಕೂಡುವ ಹೊತ್ತು ಅದು. ಅಳತೆಯನ್ನೂ ನೋಡಿ: ದಂಡನೆ ಮೂರು ನಾಲ್ಕು ತಲೆಮಾರಿಗೆ, ಕೃಪೆ ಸಾವಿರಕ್ಕೆ. ಇದೇ ಎಚ್ಚರಿಕೆ 20:5ರಲ್ಲಿ ಬರುವಾಗ ‘ನನ್ನನ್ನು ದ್ವೇಷಿಸುವವರ’ ಎಂಬ ಷರತ್ತೂ ಇದೆ.

ಕ್ಷಮೆ ಮತ್ತು ದಂಡನೆ ಒಟ್ಟಿಗೆ ಹೇಗೆ ನಡೆಯುತ್ತವೆ ಎಂಬುದು ಅರಣ್ಯಕಾಂಡ 14ರಲ್ಲಿ ಕಣ್ಣಿಗೆ ಕಟ್ಟುತ್ತದೆ. ದೇವರು ಕೊಡುತ್ತೇನೆಂದ ನಾಡಿಗೆ ಹೋಗಲು ಹೆದರಿ ಜನ ಗೊಣಗಿದಾಗ ಮೋಶೆ ಇದೇ ವಚನ ಹಿಡಿದು ಅವರಿಗಾಗಿ ಕ್ಷಮೆ ಬೇಡುತ್ತಾನೆ. ‘ಕ್ಷಮಿಸಿದ್ದೇನೆ’ ಎಂದು ದೇವರು ಹೇಳುತ್ತಾನೆ (14:20). ಆದರೂ ಗೊಣಗಿದವರಲ್ಲಿ ಇಪ್ಪತ್ತು ವರ್ಷ ದಾಟಿದವರು ಆ ನಾಡನ್ನು ಕಾಣುವುದಿಲ್ಲ. ಅವರ ಮಕ್ಕಳು 40 ವರ್ಷ ಅಡವಿಯಲ್ಲಿ ಅಲೆಯುತ್ತಾರೆ, ಕೊನೆಗೆ ನಾಡನ್ನು ಸೇರುವವರೂ ಅವರೇ. ಹೆತ್ತವರ ತಪ್ಪಿನಿಂದ ಮಕ್ಕಳಿಗೆ ಬಂದದ್ದು ಕಷ್ಟ. ಅಪರಾಧಿಯ ಪಟ್ಟ ಬರಲಿಲ್ಲ. ನಿಮ್ಮ ಕೂಟದ ಹಿರಿಯರು ಬೆರೆಸಿಬಿಟ್ಟದ್ದು ಈ ಎರಡನ್ನು.

ಯೆಹೆಜ್ಕೇಲ 18 ಇದನ್ನು ಇನ್ನೂ ಖಡಾಖಂಡಿತವಾಗಿ ಹೇಳುತ್ತದೆ. ತಂದೆಗಳು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆಯನ್ನು ಇನ್ನು ಆಡಕೂಡದು; ಮಗ ತಂದೆಯ ದೋಷವನ್ನು ಹೊರುವುದಿಲ್ಲ. ಇದು ಎಲ್ಲ ತೊಡಕನ್ನೂ ಬಿಡಿಸಿತು ಎನ್ನಲಾಗದು. ಅರಸ ದಾವೀದನ ಪಾಪ ಕ್ಷಮಿಸಲ್ಪಟ್ಟಿತು, ಆದರೂ ಅವನ ಎಳೆಗೂಸು ಸತ್ತಿತು (2 ಸಮುವೇಲ 12:13–18). ಆ ನೋವಿಗೆ ಸುಲಭದ ವಿವರಣೆ ಹಚ್ಚುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.

ಹೊಸ ಒಡಂಬಡಿಕೆಯಲ್ಲಿ ದಂಡನೆ ಮಾಯವಾಯಿತೇ? ಮತ್ತಾಯ 18 ನೋಡಿ. ಅಲ್ಲಿನ ಕಥೆಯಲ್ಲಿ ಆಳೊಬ್ಬ ಒಡೆಯನಿಗೆ ತೀರಿಸಬೇಕಾದ ಸಾಲ ಹತ್ತು ಸಾವಿರ ತಲಾಂತು. ತಲಾಂತಿಗೆ ಸುಮಾರು 6,000 ದೀನಾರ, ದೀನಾರವೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಆರು ಕೋಟಿ ದಿನದ ಕೂಲಿ. ಅಷ್ಟೂ ಮನ್ನಾ. ಅದೇ ಆಳು ನೂರು ದೀನಾರಕ್ಕಾಗಿ ಜೊತೆಯಾಳಿನ ಕುತ್ತಿಗೆ ಹಿಡಿದಾಗ ಒಡೆಯ ಅವನನ್ನು ದಂಡಿಸುವವರ ಕೈಗೆ ಒಪ್ಪಿಸುತ್ತಾನೆ. ಈ ಕಥೆ ಹೇಳುವವನು ಯೇಸುವೇ.

ಮುಂದಿನ ಕೂಟದಲ್ಲಿ ವಿಮೋಚನಕಾಂಡ 32ರಿಂದ 34ರವರೆಗೆ ಒಂದೇ ಬಾರಿ ಗಟ್ಟಿಯಾಗಿ ಓದಿ. ಆಮೇಲೆ ಅರಣ್ಯಕಾಂಡ 14, ಯೆಹೆಜ್ಕೇಲ 18, ಮತ್ತಾಯ 18 ಈ ಕ್ರಮದಲ್ಲಿ. ಯಾರಾದರೂ ಮತ್ತೆ ನಿಮ್ಮ ಅಜ್ಜನ ಮಾತೆತ್ತಿದರೆ ಯೋಹಾನ 9:1–3 ತೆರೆಯಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ‘ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ?’ ಎಂದು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಉತ್ತರಿಸಿದನು.