ಇಷ್ಟು ನೋವಿಗೆ ಬರೀ 10 ಪರ್ಸೆಂಟಾ?

ಪ್ರಶ್ನೆ: ಸರ್, ಅಮೆರಿಕದ ಆರ್ಮಿಯಲ್ಲಿ 8 ವರ್ಷ ಇದ್ದೆ. ಈಗ ಟೆಕ್ಸಾಸ್‌ನಲ್ಲಿದ್ದೇನೆ. ಬಲ ಮೊಣಕಾಲು ಸವೆದಿದೆ, ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೆಟ್ಟಿಲಿಳಿಯುವಾಗ ಮಂಡಿ ಕೈಕೊಡುತ್ತದೆ. ಆದರೂ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಕೊಟ್ಟ ಅಂಗವೈಕಲ್ಯದ ರೇಟಿಂಗ್ 10 ಪರ್ಸೆಂಟ್. ಕಾಲು 110 ಡಿಗ್ರಿ ಮಡಚುತ್ತದಂತೆ. ಇದು ಸರಿನಾ?
– ಹೆಸರು ಬೇಡ ಎಂದವರು

ಉತ್ತರ: ಬೇಜಾರಾಗಬೇಡಿ, ಆ 10 ಸಿಕ್ಕಿದ್ದೇ ನೋವಿನ ಲೆಕ್ಕದಲ್ಲಿ. ಬರೀ ಡಿಗ್ರಿ ನೋಡಿದ್ದರೆ ಸೊನ್ನೆ ಬರುತ್ತಿತ್ತು. ಸರಿಯಿರುವ ಮಂಡಿ 140 ಡಿಗ್ರಿ ಮಡಚುತ್ತದೆ. ವಿಎ ಪಟ್ಟಿಯಲ್ಲಿ 45ಕ್ಕೇ ನಿಂತರೆ 10 ಪರ್ಸೆಂಟ್, 30ಕ್ಕೆ ನಿಂತರೆ 20, 15ಕ್ಕೆ ನಿಂತರೆ 30. ಎಂಆರ್‌ಐ ಎಷ್ಟೇ ಕೆಟ್ಟದಾಗಿರಲಿ, ಮಡಚುವ ಲೆಕ್ಕಕ್ಕೆ ಬೇಕಾಗಿರುವುದು ಗೋನಿಯೋಮೀಟರ್ (ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯುವ ಸ್ಕೇಲು) ತೋರಿಸಿದ ಅಂಕಿ.

ನನ್ನ ಕಥೆ ಕೇಳಿ. ವಿಎ ಪರೀಕ್ಷೆಯ ದಿನ ಬೆಳಗ್ಗೆ ನೋವಿನ ಮಾತ್ರೆ ನುಂಗಿ ಹೋದೆ. ಪರೀಕ್ಷೆ ಮಾಡಿದಾಕೆ ಎರಡು ಕಡ್ಡಿಯ ಪ್ಲಾಸ್ಟಿಕ್ ಸ್ಕೇಲನ್ನು ಮಂಡಿಗೆ ಹಿಡಿದು "ಮಡಚಿ" ಅಂದರು. 70ಕ್ಕೇ ನೋವು ಶುರುವಾಯಿತು. ಹಲ್ಲು ಕಚ್ಚಿ 120ರ ತನಕ ಎಳೆದೆ. ಪಟ್ಟಾಗಿ ಕಲಿಸಿದ್ದಾರಲ್ಲ ಸೇನೆಯಲ್ಲಿ! ಆಕೆ 120 ಎಂದು ಬರೆದುಕೊಂಡರು, ಅಷ್ಟೇ. ನೋವು ಜಾಸ್ತಿಯಾದ ದಿನ ಹೇಗಿರುತ್ತೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೇಳಬೇಕಿತ್ತು. ಅಂಥ ದಿನ ಕಾಲು ಎಷ್ಟು ಡಿಗ್ರಿ ಮಡಚಬಹುದು ಎಂದು ನಿಮ್ಮ ಮಾತಿನ ಆಧಾರದ ಮೇಲೂ ಅಂದಾಜು ಮಾಡಬೇಕೆಂದು 2017ರಲ್ಲಿ ಕೋರ್ಟೇ ಹೇಳಿದೆ. ಹಾಗಾಗಿ ಈಗಿನಿಂದಲೇ ಒಂದು ಡೈರಿ ಇಡಿ. "ತುಂಬಾ ನೋವು" ಅಂತ ಬರೆದರೆ ಪ್ರಯೋಜನವಿಲ್ಲ. "ಮಂಗಳವಾರ ಕಮೋಡ್‌ನಿಂದ ಏಳಲು ಗೋಡೆ ಹಿಡಿದೆ" ಅಂತ ಬರೆಯಿರಿ. ನಾಚಿಕೆ ಬೇಡ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: "ಮಂಡಿ ಕೈಕೊಡುತ್ತದೆ". ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹಾಳಾಗಿ ಕಾಲು ನಿಲ್ಲದಿದ್ದರೆ ಅದಕ್ಕೆ ಪ್ರತ್ಯೇಕ ರೇಟಿಂಗ್ ಉಂಟು, 10ರಿಂದ 30ರವರೆಗೆ. 2021ರ ಫೆಬ್ರವರಿಯಲ್ಲಿ ಈ ನಿಯಮ ಬದಲಾಯಿತು. ಈಗ 10 ದಾಟಬೇಕೆಂದರೆ ಬ್ರೇಸ್ (ಮಂಡಿಗೆ ಕಟ್ಟುವ ಆಧಾರದ ಪಟ್ಟಿ) ಅಥವಾ ಊರುಗೋಲನ್ನು ಡಾಕ್ಟರೇ ಬರೆದುಕೊಟ್ಟಿರಬೇಕು. ನೀವೇ ಅಂಗಡಿಯಿಂದ ತಂದು ಕಟ್ಟಿಕೊಂಡದ್ದು ನಡೆಯಲ್ಲ. ನಿಮ್ಮ ಡಾಕ್ಟರಿಗೆ ಇದನ್ನು ಹೇಳಿದ್ದೀರಾ? ಫೈಲಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಆಮೇಲೆ ಆ ಹೊಸ ದಾಖಲೆಗಳ ಜೊತೆ ಸಪ್ಲಿಮೆಂಟಲ್ ಕ್ಲೇಮ್, ಅಂದರೆ ಮತ್ತೆ ನೋಡಿ ಎಂದು ಕೇಳುವ ಅರ್ಜಿ, ಹಾಕಿ. ನಿರ್ಧಾರದ ಪತ್ರದ ಮೇಲಿರುವ ತಾರೀಖಿನಿಂದ ಒಂದು ವರ್ಷದೊಳಗೆ ಹಾಕಿದರೆ ಮೊದಲ ಕ್ಲೇಮಿನ ಹಳೆಯ ತಾರೀಖು ಉಳಿಯುತ್ತದೆ, ಬಾಕಿ ಹಣವೂ ಅಲ್ಲಿಂದಲೇ ಸಿಗಬಹುದು. ಹೈಯರ್ ಲೆವೆಲ್ ರಿವ್ಯೂ (ಮೇಲಿನ ಅಧಿಕಾರಿಯ ಮರುಪರಿಶೀಲನೆ) ಅಂತ ಇನ್ನೊಂದಿದೆ. ಅದರಲ್ಲಿ ಹೊಸ ದಾಖಲೆ ತೆಗೆದುಕೊಳ್ಳುವುದಿಲ್ಲ, ನಿಮಗೆ ಬೇಡ.

ಅಂದಹಾಗೆ, ಬಲಗಾಲು ಉಳಿಸಲು ಎಡಗಾಲಿನ ಮೇಲೆ ಭಾರ ಹಾಕಿ ನಡೀತಿದ್ದೀರಿ ಅಲ್ವಾ? ಅದೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬಲಗಾಲಿನಿಂದಲೇ ಎಡಗಾಲು ಕೆಟ್ಟಿದೆ ಎಂದು ಅವರು ಬರೆದುಕೊಟ್ಟರೆ ಅದಕ್ಕೂ ಕ್ಲೇಮ್ ಹಾಕಬಹುದು.