ಆಲ್ಕೋಹಾಲ್‌ನಿಂದ ಎಸ್ಟರ್ ಮಾಡಲು ರುಥೇನಿಯಂ ಪಿನ್ಸರ್ (ಲೋಹದ ಒಂದು ಕ್ಯಾಟಲಿಸ್ಟ್) ಹಾಕಿದರೂ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಯಾವ ಕ್ಯಾಟಲಿಸ್ಟ್ ತರಿಸಲಿ?

ಯಾವುದೂ ತರಿಸಬೇಡ್ರಿ. ಮೊದಲು ಟ್ಯೂಬಿನ ಮುಚ್ಚಳ ನೋಡ್ರಿ. ಬಿಗಿಯಾಗಿ ಮುಚ್ಚಿದ ಟ್ಯೂಬಿನಲ್ಲಿ ನಿಮ್ಮ ಆಲ್ಕೋಹಾಲ್, ಹೆಕ್ಸನಾಲ್, ಮೂರರಲ್ಲಿ ಒಂದು ಪಾಲು ತಿರುಗಿ ನಿಂತುಬಿಡ್ತದ ಅಂತ ಬರೆದೀರಿ. ನಾನೂ ಕಲಬುರಗಿಯಲ್ಲಿ ಒಂದು ಮೇ ತಿಂಗಳು ಪೂರ್ತಿ ಅಲ್ಲೇ ಸಿಕ್ಕಿಬಿದ್ದಿದ್ದೆ.

ಮಾಳಿಗೆ ಮೇಲಿನ ಟಾಕಿಯ ನೀರು ಕೈ ಇಡಲಾಗದಷ್ಟು ಕಾದಿರ್ತಿತ್ತು. ಆವಿಯನ್ನು ತಣಿಸಿ ಇಳಿಸೋ ಕಂಡೆನ್ಸರ್‌ಗೆ ಅದನ್ನೇ ಬಿಟ್ಟರೆ ದ್ರಾವಕ ಟೊಲುಯಿನ್ ಹಾರಿಹೋಗ್ತದ ಅಂತ ಹೆದರಿ ಟ್ಯೂಬ್ ಮುಚ್ಚಿದೆ. ತಪ್ಪಾಗಿದ್ದು ಅಲ್ಲೇ. ಎರಡು ಆಲ್ಕೋಹಾಲ್ ಸೇರಿ ಒಂದು ಎಸ್ಟರ್ ಆದರೆ ಎರಡು ಹೈಡ್ರೋಜನ್ ಅಣು ಹೊರಗೆ ಬರಬೇಕು. 10 ಮಿಲಿಮೋಲ್ ಹೆಕ್ಸನಾಲ್, ಅಂದರೆ 1.02 ಗ್ರಾಂ, ಪೂರ್ತಿ ತಿರುಗಿದರೆ 25 ಡಿಗ್ರಿಯಲ್ಲಿ ಸುಮಾರು 245 ಮಿಲಿಲೀಟರ್ ಅನಿಲ. ಅಷ್ಟನ್ನು 25 ಮಿಲಿಲೀಟರ್ ಟ್ಯೂಬಿನಲ್ಲಿ ತುಂಬಿದರೆ ಹತ್ತು ವಾತಾವರಣಕ್ಕೂ ಮಿಕ್ಕಿ ಒತ್ತಡ. ಗಾಜು ಸಿಡಿಯೋ ಅಪಾಯ ಬೇರೆ. ಕ್ರಿಯೆ ಹಿಂದಕ್ಕೂ ಓಡ್ತದ. ಇಸ್ರೇಲಿನ ರಸಾಯನ ವಿಜ್ಞಾನಿ ಮಿಲ್‌ಸ್ಟೈನ್ ಗುಂಪು 2005ರಲ್ಲಿ ಆಲ್ಕೋಹಾಲ್‌ನಿಂದ ಎಸ್ಟರ್ ಮಾಡಿತು. 2006ರಲ್ಲಿ ಅದೇ ಜಾತಿಯ ಸಂಕೀರ್ಣದಿಂದಲೇ, ಹೈಡ್ರೋಜನ್ ಒತ್ತಡ ಕೊಟ್ಟು, ಎಸ್ಟರನ್ನು ಮತ್ತೆ ಆಲ್ಕೋಹಾಲ್‌ಗೆ ಇಳಿಸಿತು. ನಿಮ್ಮ ಕ್ಯಾಟಲಿಸ್ಟ್ ಸತ್ತಿಲ್ಲ, ಎರಡೂ ದಿಕ್ಕಿಗೆ ದುಡೀತಾ ಅದ. ಬಲೂನ್ ಕಟ್ಟಿದರೂ ಸಾಲದು, ಹೈಡ್ರೋಜನ್ ಅದರೊಳಗೇ ಕೂಡ್ತದ.

ಟೊಲುಯಿನ್ 111 ಡಿಗ್ರಿಗೆ ಕುದಿಯೋದು. ಒಂದು ಬಕೆಟ್ ಐಸ್ ನೀರು, ಅದರೊಳಗೆ ಕೂಲರ್‌ಗೆ ಹಾಕೋ ಸಣ್ಣ ಪಂಪು, ಕಂಡೆನ್ಸರ್‌ಗೆ ಪೈಪು: ಇಷ್ಟು ಸಾಕು. ಮೇಲಿನ ಬಾಯಿಂದ ಎಣ್ಣೆ ಬಬ್ಲರ್ ಮೂಲಕ ಫ್ಯೂಮ್ ಹುಡ್‌ಗೆ ದಾರಿ ಬಿಡ್ರಿ, ಹತ್ತಿರ ಬೆಂಕಿ ಬೇಡ. ಗಾಳಿ ತಡೆಯೋ ಆರ್ಗಾನ್ ಅನಿಲ ನಿಧಾನ ಇರಲಿ. ಜೋರು ಬಿಟ್ಟರೆ ಟೊಲುಯಿನ್ ಅದರ ಜೊತೆಗೇ ಹೋಗ್ತದ. ಎಣ್ಣೆ ಬಾತ್ 120ರಿಂದ 125 ಡಿಗ್ರಿ ಇಡ್ರಿ. ದ್ರಾವಣ ಬಿಸಿಯಾದರೆ ಸಾಲದು, ಕುದಿಯಲೇಬೇಕು. ಆ ಕುದಿತವೇ ಹೈಡ್ರೋಜನ್ನನ್ನು ಹೊರಗೆ ದೂಡೋದು.

ಕ್ಯಾಟಲಿಸ್ಟ್ 0.01 ಮಿಲಿಮೋಲ್ ಧಾರಾಳ. ಕ್ಲೋರೈಡ್ ಇರೋ ರೂಪವಾದರೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಕೂಡ ಅಷ್ಟೇ, ಲೋಹಕ್ಕೆ ಸಮ. ಆಲ್ಕೋಹಾಲ್‌ಗೆ ಸಮ ಅಲ್ಲ. ಆ ಕೆಒಎಚ್ ಬರೀ 0.56 ಮಿಲಿಗ್ರಾಂ, ತೂಗಲಿಕ್ಕೆ ಬರಲ್ಲ. ಒಂದಿಷ್ಟು ಹೆಕ್ಸನಾಲ್‌ನಲ್ಲಿ ಕರಗಿಸಿಟ್ಟು ಸಿರಿಂಜಿನಿಂದ ಅಳೆದು ಹಾಕ್ರಿ. ಹೆಕ್ಸನಾಲ್ ಒಣಗಿಸಿರಬೇಕು. ನೀರಿದ್ದರೆ ಆಮ್ಲ ಹುಟ್ಟಿ ಲೋಹವನ್ನು ಹಿಡಿದು ಕೂಡಿಸ್ತದ.

ಇನ್ನೊಂದು ಮಾತು. ನಿಮಗೆ ಬೇಕಾದ ಆಮ್ಲ ಕಪಾಟಿನಲ್ಲೇ ಇದ್ದರೆ ಈ ಲೋಹದ ಹಾದಿಯೇ ಬೇಡ. ಗಂಧಕಾಮ್ಲ ಹಾಕಿ ಆಲ್ಕೋಹಾಲ್ ಜೊತೆ ಕುದಿಸಿದರೆ ಅಗ್ಗದಲ್ಲಿ ಮುಗೀತದ.

ಬಬ್ಲರ್‌ನಲ್ಲಿ ಮೊದಲ ಗಂಟೆ ಗುಳ್ಳೆ ಸಾಲುಗಟ್ಟಿ ಬರ್ತಾವ. ಆರ್ಗಾನ್ ಅರೆಗಳಿಗೆ ನಿಲ್ಲಿಸಿ ನೋಡಿದಾಗ ಗುಳ್ಳೆ ಬರದಿದ್ದರೆ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ) ಸ್ಯಾಂಪಲ್ ತೆಗೀರಿ.