ಡ್ರೈಯರ್ ಚೆನ್ನಾಗಿದೆ, ಆದರೂ ಯಾಕೆ ಯಾರೂ ಕೊಳ್ಳಲಿಲ್ಲ?

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಒಬ್ಬ ಯುವ ಓದುಗರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರೂ ಅವರ ಗೆಳೆಯರೂ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಇಬ್ಬರೂ ಸೇರಿ ದ್ರಾಕ್ಷಿ ಒಣಗಿಸುವ ಸೋಲಾರ್ ಡ್ರೈಯರ್ ಮಾಡಿದ್ದಾರೆ. ಒಂದು ಸಲಕ್ಕೆ 200 ಕಿಲೊ ಹಣ್ಣು ಹಿಡಿಯುತ್ತದೆ, ನಾಲ್ಕು ದಿನದಲ್ಲಿ ಒಣದ್ರಾಕ್ಷಿ ಸಿದ್ಧ. ಧೂಳಿಲ್ಲ, ಮಳೆಯ ಭಯವಿಲ್ಲ. ಎರಡು ಸೀಸನ್ ಊರೂರು ತಿರುಗಿ ತೋರಿಸಿದರು. ನೋಡಿದವರೆಲ್ಲ ಹೊಗಳಿದರು. ಕೊಂಡವರು ಇಬ್ಬರೇ, ಆ ಇಬ್ಬರೂ ನೆಂಟರು. ಪತ್ರದ ಕೊನೆಗೆ ಹೀಗೆ ಕೇಳಿದ್ದಾರೆ: "ನಮ್ಮ ರೈತರಿಗೆ ಹೊಸದು ಬೇಡವೇ? ಅಥವಾ ನಮ್ಮ ಯಂತ್ರವೇ ಸರಿ ಇಲ್ಲವೇ?"

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಾಲ ಮಾಡಿ ಕಟ್ಟಿದ ಯಂತ್ರ ಅಂಗಳದಲ್ಲಿ ನಿಂತಿರುವುದನ್ನು ದಿನಾ ನೋಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿ ಸಮಾಧಾನದ ಮಾತು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ರೈತರ ಮೇಲಿನ ದೂರು. ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸುತ್ತಲಿನ ತೋಟಗಳನ್ನೇ ನೋಡಿ. ಡ್ರಿಪ್ ಬಂತು, ಹಾಕಿಸಿಕೊಂಡರು. ಅಂಗಡಿಯಲ್ಲಿ ಕ್ಯೂಆರ್ ಕೋಡ್ ಬಂತು, ಫೋನ್ ಹಿಡಿದು ದುಡ್ಡು ಕಳಿಸಿದರು. ಡಿಪ್ಪಿಂಗ್ ಆಯಿಲ್ ಕೂಡ ಒಂದು ಕಾಲಕ್ಕೆ ಹೊಸದೇ ಅಲ್ವಾ? ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಕಲಸಿದ ನೀರಿನಲ್ಲಿ ಗೊನೆ ಅದ್ದುವ ಈ ಪದ್ಧತಿಗೆ ಆಸ್ಟ್ರೇಲಿಯಾದ ಹೆಸರೇ ಇದೆ. ದ್ರಾಕ್ಷಿಯ ಸಿಪ್ಪೆ ಮೇಲೆ ಮೇಣದಂಥ ಒಂದು ತೆಳು ಪದರ ಇರುತ್ತದೆ. ಒಳಗಿನ ನೀರನ್ನು ಅದು ಹೊರಗೆ ಬಿಡುವುದಿಲ್ಲ. ಅದ್ದಿದಾಗ ಆ ಪದರ ಸಡಿಲವಾಗುತ್ತದೆ. ಹಣ್ಣು ಎರಡರಿಂದ ಮೂರು ವಾರದಲ್ಲಿ ಒಣಗುತ್ತದೆ, ಬಣ್ಣವೂ ತಿಳಿಯಾಗಿ ಉಳಿಯುತ್ತದೆ. ಯಾವುದೋ ದೂರದೇಶದ ಈ ರಸಾಯನವನ್ನು ನಮ್ಮ ಜಿಲ್ಲೆಯ ರೈತರು ಕಣ್ಣು ಮುಚ್ಚಿ ನಂಬಲಿಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ.

ಹಾಗಾದರೆ ಅದೇ ರೈತ ನಿಮ್ಮ ಡ್ರೈಯರ್ ಮುಂದೆ ಯಾಕೆ ಹಿಂಜರಿದ?

ಡಿಪ್ಪಿಂಗ್ ಆಯಿಲ್ ಬಂದಾಗ ಏನೇನು ಬದಲಾಗಬೇಕಿತ್ತು, ಯೋಚಿಸಿ. ಒಂದು ಡ್ರಮ್ಮು ಮತ್ತು ಅದ್ದುವ ಬುಟ್ಟಿ, ಅಷ್ಟೇ. ಹಣ್ಣು ಹರಡಿ ಒಣಗಿಸುವ, ನೆಟ್ ಕಟ್ಟಿದ ಶೆಡ್ಡು ಅದೇ. ಗೊನೆ ಕೊಯ್ಯುವ ಆಳುಗಳು ಅವರೇ. ಗೊಬ್ಬರದ ಅಂಗಡಿಯವನಿಗೆ ಮಾರಲು ಇನ್ನೊಂದು ಮಾಲು ಸಿಕ್ಕಿತು, ಹಾಗಾಗಿ ಅವನೇ ಉದ್ರಿ ಕೊಟ್ಟು ಕಲಿಸಿದ. ತಿಳಿ ಬಣ್ಣದ ಮಾಲಿಗೆ ತಾಸಗಾವ್, ಸಾಂಗ್ಲಿ ಪೇಟೆಯಲ್ಲಿ ದರ ಜಾಸ್ತಿ ಸಿಕ್ಕಿತು. ಒಬ್ಬನು ಒಂದು ಸಣ್ಣ ಕೆಲಸ ಬದಲಿಸಿದರೆ ಸಾಕಿತ್ತು, ಅವನ ಆಚೆ ಈಚೆ ನಿಂತವರೆಲ್ಲ ತಾವಾಗಿಯೇ ಜೊತೆ ಬಂದರು.

ಈಗ ನಿಮ್ಮ ಡ್ರೈಯರ್ ಲೆಕ್ಕ ಹಾಕೋಣ. ಬೇಜಾರು ಮಾಡಿಕೊಳ್ಳಬೇಡಿ. ಒಂದು ಎಕರೆಗೆ 10 ಟನ್ ಹಣ್ಣು ಅಂತ ಹಿಡಿಯಿರಿ. ಸಲಕ್ಕೆ 200 ಕಿಲೊ ಅಂದರೆ 50 ಸಲ ತುಂಬಬೇಕು. ಸಲಕ್ಕೆ ನಾಲ್ಕು ದಿನ ಅಂದರೆ 200 ದಿನ. ಶೆಡ್ಡಿನಲ್ಲಿ ಅಷ್ಟೂ ಹಣ್ಣು ಒಟ್ಟಿಗೇ ಹರಡಿ ಮೂರು ವಾರಕ್ಕೆ ಮುಗಿಯುತ್ತದೆ. ನೀವು ಒಂದು ಗೊನೆ ಎಷ್ಟು ದಿನದಲ್ಲಿ ಒಣಗುತ್ತದೆ ಅಂತ ನೋಡಿದಿರಿ. ರೈತ ತನ್ನ ಇಡೀ ತೋಟ ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ ಅಂತ ನೋಡುತ್ತಾನೆ. ಕೊಯ್ಲಿಗೆ ಬರುವ ಆಳುಗಳು ಗುತ್ತಿಗೆ ಹಿಡಿದು ಒಂದೆರಡು ದಿನದಲ್ಲಿ ಕೊಯ್ದು, ಅದ್ದಿ, ಹರಡಿ ಮುಂದಿನ ತೋಟಕ್ಕೆ ಹೋಗುತ್ತಾರೆ. ದಿನಾ 50 ಕಿಲೊ ಕೊಯ್ದು ಕೊಡಿ ಅಂದರೆ ಅವರು ನಿಲ್ಲುತ್ತಾರೆಯೇ? ಹಣ್ಣು ಬಳ್ಳಿಯಲ್ಲಿ ಕಾಯುತ್ತದೆಯೇ? ಹೊನವಾಡದ ಕಡೆ ಒಬ್ಬ ಹಿರಿಯರು, "ಯಂತ್ರ ಭಾಳ ಚಲೋ ಐತಿ ತಮ್ಮಾ, ಆದ್ರ ನನ್ನ ಉಳಿದ ಹಣ್ಣು ಎಲ್ಲಿ ಹಾಕ್ಲಿ?" ಅಂದರು ಎಂದು ನೀವೇ ಬರೆದಿದ್ದೀರಿ. ಅದನ್ನು ನೀವು ನೆಪ ಅಂದುಕೊಂಡಿರಿ. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯ ಮಾತು ಅನ್ನಿಸಿತು.

ಇನ್ನು ಧೂಳಿಲ್ಲ ಎಂಬ ಗುಣ. ಅದು ನಿಜವಾದ ಗುಣವೇ. ಆದರೆ ಅದಕ್ಕೆ ದುಡ್ಡು ಕೊಡುವವರು ಯಾರು? ಸವಾಲಿನಲ್ಲಿ, ಅಂದರೆ ಪೇಟೆಯ ಹರಾಜಿನಲ್ಲಿ, ವ್ಯಾಪಾರಿ ಬಣ್ಣ ನೋಡುತ್ತಾನೆ, ಗಾತ್ರ ನೋಡುತ್ತಾನೆ, ಮುಷ್ಟಿಯಲ್ಲಿ ಹಿಡಿದು ಅಂಟುತ್ತದೆಯೋ ಅಂತ ನೋಡುತ್ತಾನೆ. ನಿಮ್ಮ ಶುದ್ಧ ಮಾಲನ್ನೂ ಪಕ್ಕದವರ ಧೂಳಿನ ಮಾಲನ್ನೂ ಅವನು ಒಂದೇ ಘಟಕಕ್ಕೆ ಕಳಿಸಿ ತೊಳೆಸುತ್ತಾನೆ. ಹೇಗೂ ತೊಳೆಯುವ ಮಾಲಿಗೆ, ಧೂಳಿಲ್ಲ ಅಂತ ಕಿಲೊಗೆ ಹತ್ತು ರೂಪಾಯಿ ಯಾಕೆ ಹೆಚ್ಚು ಕೊಡಬೇಕು? ನೀವು ಖರ್ಚು ಹಾಕಿದ್ದು ರೈತನ ಹೊಲದಲ್ಲಿ. ಲಾಭ ಹೋಗಿದ್ದು ತೊಳೆಯುವ ಘಟಕಕ್ಕೆ. ನಡುವೆ ಆ ಲಾಭವನ್ನು ರೈತನ ಕೈಗೆ ತಲುಪಿಸುವ ದಾರಿ ಇರಲಿಲ್ಲ.

ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ ಮಾಡಿದ ಬೆಲ್ಲ ಕಪ್ಪಗಿರುತ್ತದೆ, ತಿನ್ನಲು ಒಳ್ಳೆಯದು. ಆದರೆ ಸವಾಲಿನಲ್ಲಿ ಪೆಂಟೆಯ ಬಣ್ಣ ಹಳದಿ ಇದ್ದಷ್ಟೂ ದರ. ಗಾಣದವನು ಒಬ್ಬನೇ ಒಳ್ಳೆಯವನಾದರೆ ಅವನೇ ನಷ್ಟ ತಿನ್ನಬೇಕು. ಕೊಳ್ಳುವ ಮನೆಯವರು ಕಪ್ಪು ಬೆಲ್ಲ ಕೇಳಬೇಕು, ಕಿರಾಣಿಯವನು ಅದನ್ನು ಇಡಬೇಕು, ಕಮಿಷನ್ ಮೇಲೆ ಮಾಲು ಮಾರಿಸುವ ಅಡತಿ ಅಂಗಡಿಯವನು ಅದಕ್ಕೆ ಬೇರೆ ರಾಶಿ ಹಾಕಬೇಕು, ಆಗ ಗಾಣದವನು ಬದಲಾಗುತ್ತಾನೆ. ಎಲ್ಲರಿಗೂ ಬದಲಾಗುವ ಮನಸ್ಸಿದ್ದರೂ ಪ್ರತಿಯೊಬ್ಬನೂ ಇನ್ನೊಬ್ಬ ಮೊದಲು ಬದಲಾಗಲಿ ಅಂತ ಕಾಯುತ್ತಾನೆ.

ಈ ಕಾಯುವಿಕೆಯನ್ನು ನಾನು ನನ್ನ ಕಚೇರಿಯಲ್ಲೇ ಅನುಭವಿಸಿದ್ದೇನೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮ ಪತ್ರಿಕೆಯನ್ನು ಪೂರ್ತಿ ಯೂನಿಕೋಡ್‌ಗೆ ತರಬೇಕು ಅಂತ ಹಟ ಹಿಡಿದೆ. ಆಗ ಎಲ್ಲರೂ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ಒಂದು ಕಂಪ್ಯೂಟರಿನಲ್ಲಿ ಬರೆದ ಲೇಖನ, ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಒಂದೇ ಸಂಕೇತ ಇರುತ್ತದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇಷ್ಟು ಒಳ್ಳೆಯದನ್ನು ಯಾರು ಬೇಡ ಅನ್ನುತ್ತಾರೆ ಅಂತ ನನಗೆ ಪೂರಾ ನಂಬಿಕೆ ಇತ್ತು.

ಎರಡೇ ಸಂಚಿಕೆಗೆ ಕೈಬಿಟ್ಟೆವು. ಪುಟ ಕಟ್ಟಲು ಬಳಸುತ್ತಿದ್ದ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಕನ್ನಡ ಯೂನಿಕೋಡ್ ಬರುತ್ತಿರಲಿಲ್ಲ. ಒತ್ತಕ್ಷರಗಳೆಲ್ಲ ಕೆಳಗೆ ಬೀಳದೆ ಪಕ್ಕದಲ್ಲಿ ಕೂತವು. ಡಿಟಿಪಿ ಮಾಡುವವರ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವರ, ಬೆರಳು ಹಳೆಯ ಕೀಲಿಮಣೆಗೆ ಒಗ್ಗಿತ್ತು. ಮುದ್ರಣಾಲಯದವರು ಹಳೆಯ ಫೈಲ್ ಕೊಟ್ಟರೆ ಮಾತ್ರ ಪ್ಲೇಟ್ ಮಾಡುತ್ತೇವೆ ಅಂದರು. ಲೇಖಕರು ನುಡಿ ಎಂಬ ಹಳೆಯ ಕನ್ನಡ ತಂತ್ರಾಂಶದಲ್ಲೇ ಬರೆದು ಕಳಿಸುತ್ತಿದ್ದರು, ಅವರ ಹತ್ತಿರ ಇದ್ದದ್ದೇ ಅದು. ಯಾರದ್ದೂ ತಪ್ಪಿರಲಿಲ್ಲ. ಪ್ರತಿಯೊಬ್ಬರೂ ಪಕ್ಕದವರಿಗೆ ಹೊಂದುವ ಕೆಲಸ ಮಾಡುತ್ತಿದ್ದರು, ಅಷ್ಟೇ. ನಾನು ಆಗ ಡಿಟಿಪಿ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡೆ. ಅದು ಅನ್ಯಾಯ ಅಂತ ಈಗ ಗೊತ್ತಾಗುತ್ತದೆ.

ಕೊನೆಗೆ ಯೂನಿಕೋಡ್ ಬಂದಿದ್ದು ನನ್ನ ಹಟದಿಂದ ಅಲ್ಲ. ಎಲ್ಲರ ಕೈಗೆ ಮೊಬೈಲ್ ಬಂತು. ವಾಟ್ಸಾಪ್‌ನಲ್ಲಿ ಕನ್ನಡ ಬರೆಯುವುದು ಅಂದರೆ ಯೂನಿಕೋಡ್ ಬರೆಯುವುದೇ, ಅದರ ಹೆಸರು ಗೊತ್ತಿಲ್ಲದಿದ್ದರೂ. ಲೇಖನಗಳು ಫೋನಿನಿಂದ ಬರತೊಡಗಿದವು. ಮೊದಲು ನಾವು ಅದನ್ನು ಕನ್ವರ್ಟರ್ ಹಾಕಿ ಹಳೆಯ ಫಾಂಟಿಗೆ ಬದಲಿಸುತ್ತಿದ್ದೆವು. ಆಮೇಲೆ ಪುಟ ಕಟ್ಟುವ ಹೊಸ ತಂತ್ರಾಂಶಕ್ಕೂ ಕನ್ನಡ ಸರಿಯಾಗಿ ಬಂತು. ಆಗ ಬದಲಿಸುವ ಕೆಲಸವೇ ಹೊರೆ ಅನ್ನಿಸಿತು, ಬಿಟ್ಟೆವು. ಆ ಕನ್ವರ್ಟರನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ. ಹಳೆಯವರನ್ನು ಬಿಡದೆ ಹೊಸದನ್ನು ಒಳಗೆ ತಂದದ್ದು ಅದೇ.

ಇನ್ನೊಂದು ದಾರಿಯೂ ಇದೆ. ಯಾರಿಗೂ ಕಾಯದೆ, ಎರಡೂ ತುದಿಯನ್ನು ತಾನೇ ಹಿಡಿಯುವುದು. ಮಾಲ್ಕಮ್ ಮೆಕ್ಲೀನ್ ಅಂತ ಅಮೆರಿಕದ ಒಬ್ಬ ಲಾರಿ ಮಾಲೀಕ ಇದ್ದ. ಸರಕನ್ನು ಮೂಟೆ ಮೂಟೆ ಹಡಗಿಗೆ ಏರಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿ ಇಡೋಣ ಅಂದ. ಬೇರೆ ಹಡಗಿನವರನ್ನು ಒಪ್ಪಿಸುತ್ತ ಕೂರದೆ ತಾನೇ ಹಡಗು ಕಂಪನಿ ಕೊಂಡ. 1956ರ ಏಪ್ರಿಲ್‌ನಲ್ಲಿ ಅವನ ಹಡಗು 58 ಪೆಟ್ಟಿಗೆ ಹೊತ್ತು ನ್ಯೂಯಾರ್ಕ್ ಹತ್ತಿರದ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಟನ್ನಿಗೆ ಸುಮಾರು 6 ಡಾಲರ್ ಇದ್ದ ಏರಿಸುವ ಖರ್ಚು 16 ಸೆಂಟ್‌ಗೆ ಇಳಿಯಿತು. ಇಷ್ಟಾದರೂ ಜಗತ್ತು ಒಂದೇ ದಿನದಲ್ಲಿ ಬದಲಾಗಲಿಲ್ಲ. ಬಂದರುಗಳಿಗೆ ಬೇರೆ ಕ್ರೇನ್ ಬೇಕಿತ್ತು. ಕೆಲಸ ಹೋಗುವ ಕೂಲಿಯವರ ಜೊತೆ ಮಾತುಕತೆ ಆಗಬೇಕಿತ್ತು. ಒಬ್ಬೊಬ್ಬರ ಪೆಟ್ಟಿಗೆ ಒಂದೊಂದು ಅಳತೆ ಇತ್ತು. ಪೆಟ್ಟಿಗೆಯ ಮೂಲೆಯ ಕೊಂಡಿಯ ಪೇಟೆಂಟನ್ನು ಎಲ್ಲರೂ ಬಳಸಲಿ ಅಂತ ಮೆಕ್ಲೀನ್ ಬಿಟ್ಟುಕೊಟ್ಟ. ಅಳತೆ ಒಂದಾದ ಮೇಲೆ ಓಟ ಶುರುವಾಯಿತು. ಇವತ್ತು ನಮ್ಮ ಒಣದ್ರಾಕ್ಷಿ ಸಮುದ್ರ ದಾಟುವುದೂ ಅದೇ ಪೆಟ್ಟಿಗೆಯಲ್ಲಿ.

"ಸರ್ಕಾರ ಸಬ್ಸಿಡಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ" ಅಂತ ನಿಮ್ಮ ಗೆಳೆಯರು ಹೇಳುತ್ತಾರಂತೆ. ದೊಡ್ಡವರೊಬ್ಬರು ನಡುವೆ ನಿಂತು ಎಲ್ಲರನ್ನೂ ಒಮ್ಮೆಗೇ ಹೊರಳಿಸಬಹುದು, ಅದು ನಿಜ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಮಾಡುವ, ಪೆಟ್ರೋಲಿಗೆ ಬೆರೆಸುವ ಎಥನಾಲ್ ನೋಡಿ. 2018ರ ಜೈವಿಕ ಇಂಧನ ನೀತಿ ಕಬ್ಬಿನ ರಸದಿಂದಲೂ ಎಥನಾಲ್ ಮಾಡಲು ಬಿಟ್ಟಿತು. ದರ ಸರ್ಕಾರ ಗೊತ್ತುಮಾಡಿತು, ಕೊಳ್ಳುವವರು ತೈಲ ಕಂಪನಿಗಳು. ಕೊಳ್ಳುವವರು ಇದ್ದಾರೆ ಅಂದ ಮೇಲೆ ಬ್ಯಾಂಕು ಸಾಲ ಕೊಟ್ಟಿತು, ಕಾರ್ಖಾನೆ ಡಿಸ್ಟಿಲರಿ ಕಟ್ಟಿತು. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಸರಾಸರಿ ಶೇ. 10 ಮುಟ್ಟಿತು. ಆದರೆ 2023ರ ಡಿಸೆಂಬರ್‌ನಲ್ಲಿ, ಸಕ್ಕರೆ ಕಡಿಮೆ ಬೀಳಬಹುದು ಅಂತ ಅದೇ ಸರ್ಕಾರ ಕಬ್ಬಿನ ರಸಕ್ಕೆ ಕಡಿವಾಣ ಹಾಕಿತು. 2024ರ ಆಗಸ್ಟ್‌ನಲ್ಲಿ ತೆಗೆಯಿತು. ನಡುವಿನ ತಿಂಗಳುಗಳಲ್ಲಿ ಯಂತ್ರ ಕಟ್ಟಿ ಕುಳಿತವರಿಗೆ ಎಷ್ಟು ಆತಂಕ ಆಗಿರಬೇಡ! ಹೊಸ ಕೆಲಸದ ಜೀವ ಒಬ್ಬರದೇ ಕೈಯಲ್ಲಿದ್ದರೆ ಈ ಅಪಾಯ ಇದ್ದೇ ಇರುತ್ತದೆ. ಸಬ್ಸಿಡಿ ಸಿಕ್ಕರೆ ಬಿಡಬೇಡಿ. ಅದನ್ನೇ ನಂಬಿ ಇನ್ನೂ ಹತ್ತು ಡ್ರೈಯರ್ ಕಟ್ಟಬೇಡಿ.

ಹಾಗಾದರೆ ನೀವು ಏನು ಮಾಡಬಹುದು? ನನಗೆ ತೋಚಿದ್ದು ಇದು. ಯಂತ್ರವನ್ನು ಹೊಲದಿಂದ ಎತ್ತಿ, ಒಣದ್ರಾಕ್ಷಿ ತೊಳೆದು ಗ್ರೇಡಿಂಗ್ ಮಾಡುವ ಘಟಕಕ್ಕೆ ಒಯ್ದು ನೋಡಿ. ಅಲ್ಲಿ ತೊಳೆದ ಮಾಲನ್ನು ಮತ್ತೆ ಆರಿಸಬೇಕಾಗುತ್ತದೆ. ಅದು ಹಸಿ ಹಣ್ಣಲ್ಲ, ಮೇಲಿನ ತೇವ ಹೋದರೆ ಸಾಕು, ಹಾಗಾಗಿ ನಾಲ್ಕು ದಿನ ಬೇಕಿಲ್ಲ. ಮುಖ್ಯವಾಗಿ ಅಲ್ಲಿ ತೀರ್ಮಾನ ಮಾಡುವವರು ಒಬ್ಬರೇ. ಖರ್ಚೂ ಅವರದ್ದು, ಉಳಿತಾಯವೂ ಅವರದ್ದು. ಧೂಳು ಬೀಳದಿದ್ದರೆ ಮತ್ತೆ ತೊಳೆಯುವುದು ತಪ್ಪುವುದೂ ಅವರಿಗೇ. ಆಳು, ಅಂಗಡಿ, ಅಡತಿ, ಯಾರನ್ನೂ ನೀವು ಒಪ್ಪಿಸಬೇಕಿಲ್ಲ.

ರೈತನ ಬಳಿ ಹೋಗಲೇಬೇಕು ಅನ್ನಿಸಿದರೆ, ಶೆಡ್ಡಿಗೆ ಬದಲಿ ಅಂತ ಹೋಗಬೇಡಿ, ಶೆಡ್ಡಿಗೆ ಜೊತೆಗಾರ ಅಂತ ಹೋಗಿ. ಮಾರ್ಚ್, ಏಪ್ರಿಲ್‌ನಲ್ಲಿ ಅಕಾಲಿಕ ಮಳೆ ಬಂದಾಗ ಅರ್ಧ ಒಣಗಿದ ಮಾಲು ಕಪ್ಪಾಗುವುದನ್ನು ನೋಡುತ್ತ ನಿಲ್ಲುವ ಸಂಕಟ ನಿಮಗೂ ಗೊತ್ತು. ನಿಮ್ಮ ಬಿಸಿಗಾಳಿಯನ್ನು ಅದೇ ಶೆಡ್ಡಿನೊಳಗೆ ಊದುವ ಹಾಗೆ ಮಾಡಲು ಆಗುತ್ತದೆಯೇ? ಮೋಡದ ದಿನ ಬಿಸಿಲಿನ ಬದಲು ಯಾವ ಶಾಖ ಬಳಸಬಹುದು? ಇದನ್ನು ನೀವಿಬ್ಬರು ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಹೊನವಾಡದ ಆ ಹಿರಿಯರನ್ನು ಮತ್ತೊಮ್ಮೆ ಕಂಡು, ಮಳೆ ಬಂದ ರಾತ್ರಿ ಅವರು ಏನೇನು ಮಾಡುತ್ತಾರೆ ಅಂತ ಪೂರ್ತಿ ಕೇಳಿಸಿಕೊಳ್ಳಿ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು, ಫೆಬ್ರವರಿಯಲ್ಲಿ ಶೆಡ್ಡುಗಳು ತುಂಬುವವರೆಗೆ ನಿಮಗೆ ಕೆಲವು ತಿಂಗಳು ಸಿಗುತ್ತದೆ. ಅಷ್ಟರೊಳಗೆ ಒಂದು ಘಟಕದಲ್ಲಿ ಹದಿನೈದು ದಿನ ನಡೆಸಿ, ಎಷ್ಟು ಮಾಲು ಎಷ್ಟು ತಾಸಿನಲ್ಲಿ ಆರಿತು ಎಂಬ ಲೆಕ್ಕ ಬರೆದಿಟ್ಟು ನಮಗೆ ಕಳಿಸಿ. ಚೆನ್ನಾಗಿ ಬಂದರೂ ಬರದಿದ್ದರೂ ಹಾಗೆಯೇ ಅಚ್ಚು ಹಾಕುತ್ತೇವೆ. ನಿಮ್ಮ ಅಂಗಳದಲ್ಲಿ ನಿಂತಿರುವ ಯಂತ್ರ ನೋಡಲು ಮುಂದಿನ ತಿಂಗಳು ನಾನೇ ಬರುತ್ತೇನೆ.

— ಸಂಪಾದಕ